ಅನ್ಯಧರ್ಮದ ಅಧ್ಯಯನ ಮತ್ತು ನಮ್ಮ ಕಲ್ಯಾಣದ ನೆಲ

ಮದ್ರಸಾದ ಓದು ಮುಗಿಸಿ ಪದವಿ ತರಗತಿಗೆ ಸೇರಲು ಹೊರಡುವ ಹುಡುಗರ ಪಾಲಕರು ನಮ್ಮ ಬಸವಕಲ್ಯಾಣ, ಹುಮನಾಬಾದ್ ಭಾಗದಲ್ಲಿ ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. "ಮೌಲಾನಾ ಸಾಹೇಬರೇ, ಅಲ್ಲಿ ಬೇರೆ ಧರ್ಮಗಳ ಪಾಠವೂ ಇರುತ್ತದಂತೆ. ಅದನ್ನೆಲ್ಲ ಓದಿದರೆ ಹುಡುಗನ ಈಮಾನಿಗೆ ಧಕ್ಕೆ ಬರುವುದಿಲ್ಲವೇ?" ಪ್ರಶ್ನೆ ಪ್ರಾಮಾಣಿಕವಾದದ್ದು. ಮಗನ ಪರಲೋಕದ ಬಗ್ಗೆ ಚಿಂತಿಸುವ ತಂದೆಯನ್ನು ಹಳೆಯ ಕಾಲದವನೆಂದು ತಳ್ಳಿಹಾಕುವುದು ಸುಲಭ, ಅದು ಉತ್ತರವಾಗುವುದಿಲ್ಲ. ಈ ಪ್ರಶ್ನೆಗೆ ಉತ್ತರವನ್ನು ನಾವು ನಮ್ಮ ದೀನಿನ ಇತಿಹಾಸದಲ್ಲಿಯೂ ನಾವು ಹುಟ್ಟಿ ಬೆಳೆದ ಈ ನೆಲದ ಇತಿಹಾಸದಲ್ಲಿಯೂ ಹುಡುಕಬೇಕಾಗಿದೆ. ಎರಡೂ ಕಡೆ ಸಿಗುವ ಉತ್ತರ ಒಂದೇ ಎಂಬುದು ನಮ್ಮ ತಿಳುವಳಿಕೆ.

ಮೊದಲು ಒಂದು ಸರಳ ಸಂಗತಿಯನ್ನು ಗಮನಿಸಬೇಕು. ನಮ್ಮ ಹುಡುಗನೊಬ್ಬ ಬಿ.ಎ.ಯಲ್ಲಿ ಕನ್ನಡವನ್ನು ಐಚ್ಛಿಕವಾಗಿ ತೆಗೆದುಕೊಂಡನೆಂದರೆ ಅವನು ಆಗಲೇ ಧರ್ಮಗಳ ಅಧ್ಯಯನಕ್ಕೆ ಸೇರಿದಂತೆ. ಪಂಪ, ಪೊನ್ನ, ರನ್ನರನ್ನು ಓದಬೇಕಾದರೆ ಜೈನರ ಭವಾವಳಿ, ಕರ್ಮ, ಕೇವಲಜ್ಞಾನಗಳ ಕಲ್ಪನೆ ತಿಳಿಯಲೇಬೇಕು. ವಚನಗಳನ್ನು ಓದಬೇಕಾದರೆ ಇಷ್ಟಲಿಂಗ, ಜಂಗಮ, ಷಟ್‌ಸ್ಥಲಗಳ ಅರ್ಥ ಗೊತ್ತಿರಬೇಕು. ಕುಮಾರವ್ಯಾಸನಿಗೂ ಪುರಂದರದಾಸರಿಗೂ ಹೋದರೆ ವೈಷ್ಣವ ಭಕ್ತಿಯ ಪರಿಭಾಷೆ ಬೇಕು. ಶಿಶುನಾಳ ಶರೀಫರ ಬಳಿ ಬಂದಾಗ ಸೂಫಿ ಪದಗಳೂ ಶರಣರ ಪದಗಳೂ ಒಟ್ಟಿಗೆ ಎದುರಾಗುತ್ತವೆ. ಹೆಸರು ಸಾಹಿತ್ಯದ್ದಾದರೂ ಓದಿಸುವುದು ನಾಲ್ಕಾರು ಧರ್ಮಗಳನ್ನು. ಮದ್ರಸಾದಿಂದ ಬಂದು ಕನ್ನಡ ಪದವಿ ಪಡೆದ ನಮ್ಮಂಥವರಿಗೆ ಇದು ಅನುಭವದ ಮಾತು. ಪಂಪನನ್ನು ಓದಿ ಯಾರೂ ಜೈನರಾದದ್ದನ್ನು ನಾವು ಕಾಣೆವು. ಆದರೆ ಓದಿದ ಮೇಲೆ ಜೈನರ ಬಗ್ಗೆ ಹಗುರವಾಗಿ ಮಾತನಾಡುವುದು ತಾನಾಗಿಯೇ ನಿಂತುಹೋಗುತ್ತದೆ.

ಇನ್ನು ದೀನಿನ ಮಾತು. ಪ್ರವಾದಿ ಮುಹಮ್ಮದ್(ಸ)ರು ಮದೀನಾದಲ್ಲಿ ಝೈದ್ ಬಿನ್ ಸಾಬಿತ್(ರ)ರಿಗೆ ಯಹೂದಿಯರ ಬರಹವನ್ನು ಕಲಿಯುವಂತೆ ಆಜ್ಞಾಪಿಸಿದ್ದು ಹದೀಸ್ ಗ್ರಂಥಗಳಲ್ಲಿದೆ. ಅವರು ಕೆಲವೇ ದಿನಗಳಲ್ಲಿ ಅದನ್ನು ಕಲಿತರು. ಎದುರಿನವರ ಪತ್ರವನ್ನು ಓದಲು ಎದುರಿನವರನ್ನೇ ಅವಲಂಬಿಸಬಾರದು, ಸ್ವತಃ ಓದಬಲ್ಲವರು ನಮ್ಮಲ್ಲಿಯೇ ಇರಬೇಕು ಎಂಬ ವಿವೇಕ ಅದರ ಹಿಂದಿದೆ. ನಜ್ರಾನಿನ ಕ್ರೈಸ್ತ ನಿಯೋಗದ ಪ್ರಸಂಗ ಇನ್ನೂ ಸ್ಪಷ್ಟ. ಇಬ್ನು ಇಸ್‌ಹಾಕರ ಸೀರಾ ಗ್ರಂಥದ ಪ್ರಕಾರ ಆ ನಿಯೋಗದವರು ಪ್ರವಾದಿ(ಸ)ರ ಮಸೀದಿಗೇ ಬಂದರು; ಅವರ ಪ್ರಾರ್ಥನೆಯ ಸಮಯವಾದಾಗ ಅಲ್ಲಿಯೇ ಪೂರ್ವಕ್ಕೆ ಮುಖಮಾಡಿ ಪ್ರಾರ್ಥಿಸಲು ಅವರನ್ನು ಬಿಡಲಾಯಿತು. ಅನಂತರ ಈಸಾ(ಅ)ರ ಸ್ವರೂಪದ ಬಗ್ಗೆ ಚರ್ಚೆ ನಡೆಯಿತು. ಒಮ್ಮತ ಮೂಡಲಿಲ್ಲ. ಅವರು ತಮ್ಮ ಧರ್ಮದಲ್ಲಿಯೇ ಉಳಿದು ಒಪ್ಪಂದ ಮಾಡಿಕೊಂಡು ಹಿಂದಿರುಗಿದರು. ಹೊರಡುವಾಗ ಅವರು ಕೇಳಿದ್ದೇನು? ನಂಬಿಗಸ್ತನಾದ ಒಬ್ಬನನ್ನು ನಮ್ಮ ಜೊತೆ ಕಳುಹಿಸಿಕೊಡಿ ಎಂದು. ಪ್ರವಾದಿ(ಸ)ರು ಅಬೂ ಉಬೈದಾ(ರ)ರನ್ನು ಕಳುಹಿಸಿದರು. ವಿಶ್ವಾಸದ ವಿಷಯದಲ್ಲಿ ಒಪ್ಪದೆಯೇ ವ್ಯವಹಾರದಲ್ಲಿ ಒಬ್ಬರನ್ನೊಬ್ಬರು ನಂಬಲು ಸಾಧ್ಯವಾದ ಈ ಘಟನೆಯನ್ನು ನಮ್ಮ ಪ್ರವಚನಗಳಲ್ಲಿ ಮೊದಲ ಅರ್ಧದವರೆಗೆ ಮಾತ್ರ ಹೇಳಿ ನಿಲ್ಲಿಸಿಬಿಡುತ್ತೇವೆ.

ಈ ಪರಂಪರೆ ಮುಂದೆ ವಿದ್ವತ್ತಿನ ರೂಪ ತಾಳಿತು. ಅಬೂ ರೈಹಾನ್ ಅಲ್ ಬೀರೂನಿ ಸುಮಾರು 1030ರಲ್ಲಿ ಹಿಂದೂಸ್ಥಾನದ ಕುರಿತ ತಮ್ಮ ಮಹಾಗ್ರಂಥವನ್ನು ಮುಗಿಸಿದರು. ಅದಕ್ಕಾಗಿ ಸಂಸ್ಕೃತವನ್ನು ಕಲಿತರು, ಪಂಡಿತರ ಬಳಿ ಶಿಷ್ಯರಂತೆ ಕುಳಿತರು, ಪತಂಜಲಿಯ ಯೋಗವನ್ನು ಅರಬಿ ಭಾಷೆಗೆ ತಂದರು. ಅವರ ಕಾಲದ ಲೇಖಕರು ಅನ್ಯರ ಮತವನ್ನು ಬರೆಯುವಾಗ ಖಂಡನೆಗೆ ಅನುಕೂಲವಾಗುವಂತೆ ತಿರುಚುತ್ತಿದ್ದರು. ಬೀರೂನಿ ಆ ದಾರಿಯನ್ನು ಬಿಟ್ಟರು. ಹಿಂದೂಗಳು ತಮ್ಮ ಮತವನ್ನು ಹೇಗೆ ಹೇಳುತ್ತಾರೋ ಹಾಗೆಯೇ ಮೊದಲು ದಾಖಲಿಸಿ, ಬಳಿಕ ಗ್ರೀಕರ ವಿಚಾರಗಳೊಡನೆ ಹೋಲಿಸುವುದು ಅವರ ಪದ್ಧತಿ. ಅದಾಗಿ ಸುಮಾರು ನೂರು ವರ್ಷಕ್ಕೆ, 1127-28ರಲ್ಲಿ, ಶಹ್ರಸ್ತಾನಿ 'ಅಲ್ ಮಿಲಲ್ ವನ್ನಿಹಲ್' ಗ್ರಂಥವನ್ನು ರಚಿಸಿ ಮುಸ್ಲಿಮ್ ಪಂಗಡಗಳು, ಯಹೂದಿಯರು, ಕ್ರೈಸ್ತರು, ಮಜೂಸಿಗಳು, ತತ್ವಜ್ಞಾನಿಗಳು, ಭಾರತದ ಮತಗಳು ಎಲ್ಲವನ್ನೂ ಒಂದೇ ಕೃತಿಯಲ್ಲಿ ಕ್ರಮಬದ್ಧವಾಗಿ ವಿವರಿಸಿದರು. ಧರ್ಮಗಳ ತೌಲನಿಕ ಅಧ್ಯಯನವು ಯುರೋಪಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ, ಮ್ಯಾಕ್ಸ್ ಮುಲ್ಲರರ ಕಾಲದಲ್ಲಿ ಆರಂಭವಾಯಿತೆಂದು ಪಠ್ಯಪುಸ್ತಕಗಳು ಬರೆಯುತ್ತವೆ. ಬೀರೂನಿ ಮತ್ತು ಶಹ್ರಸ್ತಾನಿಯವರನ್ನು ಓದಿದವರು ಅಷ್ಟು ಸಲೀಸಾಗಿ ಒಪ್ಪಲಾರರು.

ಶಹ್ರಸ್ತಾನಿ ಖುರಾಸಾನಿನಲ್ಲಿ ಬರೆಯುತ್ತಿದ್ದ ಕಾಲಕ್ಕೆ ನಮ್ಮ ಕಲ್ಯಾಣ ಹೇಗಿತ್ತು? ಆರನೆಯ ವಿಕ್ರಮಾದಿತ್ಯ ಆಗಷ್ಟೇ, 1126ರಲ್ಲಿ, ತೀರಿಕೊಂಡಿದ್ದ. ಅವನ ಆಸ್ಥಾನದಲ್ಲಿ ವಿಜ್ಞಾನೇಶ್ವರ ಮಿತಾಕ್ಷರೆಯನ್ನು ಬರೆದಿದ್ದ. ಚಾಲುಕ್ಯರ ನಾಡಿನಲ್ಲಿ ವಿದ್ಯಾಕೇಂದ್ರಗಳಿಗೆ ಕೊರತೆಯಿರಲಿಲ್ಲ. ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನದ ಶಾಸನ 1058ರದು; ಅಲ್ಲಿ ನೂರಾರು ವಿದ್ಯಾರ್ಥಿಗಳಿಗೆ ಅನ್ನ, ವಸತಿ, ಜೊತೆಗೆ ಗ್ರಂಥಭಂಡಾರವನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರು. ಇಂದಿನ ನಮ್ಮ ಎಷ್ಟು ಪದವಿ ಕಾಲೇಜುಗಳಲ್ಲಿ ಆರು ಮಂದಿ ಗ್ರಂಥಪಾಲಕರಿದ್ದಾರೆ ಎಂದು ಓದುಗರೇ ಎಣಿಸಿಕೊಳ್ಳಲಿ.

ನಮ್ಮ ವಿಷಯಕ್ಕೆ ಇದಕ್ಕಿಂತ ಮುಖ್ಯವಾದದ್ದು ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯ ಕೋಡಿಯಮಠದ 1162ರ ಶಾಸನ. ಊರು ದೂರದ್ದಾದರೂ ಕಾಲ ಕಲ್ಯಾಣದ ಬಿಜ್ಜಳನದೇ. ಅದು ಕಾಳಾಮುಖ ಶೈವರ ಮಠ. ಆ ಮಠದಲ್ಲಿ ಏನೇನು ನಡೆಯುತ್ತಿತ್ತೆಂಬುದನ್ನು ಶಾಸನ ಬಿಡಿಸಿ ಹೇಳುತ್ತದೆ: ವೇದಗಳ ಓದು, ಹಲವು ವ್ಯಾಕರಣಗಳ ವ್ಯಾಖ್ಯಾನ, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಅವುಗಳ ಜೊತೆಯಲ್ಲಿಯೇ ಬೌದ್ಧದರ್ಶನ. ಬೇರೆ ಬೇರೆ ಪಂಥಗಳ ಸನ್ಯಾಸಿಗಳಿಗೂ ಜೈನ ಕ್ಷಪಣಕರಿಗೂ ಅಲ್ಲಿ ಅನ್ನದಾನ. ರೋಗಿಗಳಿಗೆ ಔಷಧ. ಶೈವಮಠವೊಂದು ತನ್ನ ಸಿದ್ಧಾಂತವನ್ನು ಬಿಡದೆ, ತಾನು ಒಪ್ಪದ ಬೌದ್ಧದರ್ಶನವನ್ನು ಪಾಠವಾಗಿ ಇಟ್ಟುಕೊಂಡಿತ್ತು. ಎದುರಾಳಿಯ ಮತವನ್ನು ಸರಿಯಾಗಿ ಮಂಡಿಸಲಾರದವನಿಗೆ ವಾದಮಾಡುವ ಅರ್ಹತೆಯಿಲ್ಲವೆಂಬುದು ಆ ಕಾಲದ ಶಾಸ್ತ್ರಪದ್ಧತಿ. ಅದಕ್ಕೆ ಪೂರ್ವಪಕ್ಷವೆಂದು ಹೆಸರು. ಬೀರೂನಿ ಅರಬಿಯಲ್ಲಿ ಮಾಡಿದ್ದೂ ಇದನ್ನೇ.

ಅದೇ ಬಳ್ಳಿಗಾವಿಯಿಂದ ಹೊರಟು ಕಲ್ಯಾಣಕ್ಕೆ ಬಂದವರು ಅಲ್ಲಮಪ್ರಭುಗಳು ಎಂದು ಶರಣ ಪರಂಪರೆ ಹೇಳುತ್ತದೆ. ಅನುಭವ ಮಂಟಪದ ಶೂನ್ಯಸಿಂಹಾಸನದ ಮೇಲೆ ಕುಳಿತವರು ಅವರು. ಅಲ್ಲಿ ಸೇರಿದವರಲ್ಲಿ ಬಟ್ಟೆ ಮಡಿ ಮಾಡುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಚರ್ಮದ ಕೆಲಸದ ಹರಳಯ್ಯ ಇದ್ದರು. ಉಡುತಡಿಯಿಂದ ಬಂದ ಅಕ್ಕಮಹಾದೇವಿ ಇದ್ದರು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಮೊದಲಬಾರಿಗೆ ಸಂಕಲಿಸಿದ ಶೂನ್ಯಸಂಪಾದನೆಯನ್ನು ನೋಡಿದರೆ ಆ ಗ್ರಂಥದ ಕಟ್ಟಡವೇ ಸಂವಾದದ್ದು. ಅಲ್ಲಮರು ಯಾರನ್ನೂ ಸುಮ್ಮನೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಪ್ರಶ್ನೆ ಕೇಳುತ್ತಾರೆ, ಚುಚ್ಚಿ ಕೇಳುತ್ತಾರೆ. ಅಕ್ಕನೂ ಬಿಟ್ಟುಕೊಡದೆ ಉತ್ತರಿಸುತ್ತಾಳೆ. ಇಂದಿನ ಸರ್ವಧರ್ಮ ಸಮ್ಮೇಳನಗಳ ವೇದಿಕೆಯಲ್ಲಿ ಶಾಲು ಹೊದಿಸಿ, ಎಲ್ಲ ಧರ್ಮಗಳೂ ಶಾಂತಿಯನ್ನೇ ಹೇಳುತ್ತವೆ ಎಂದು ಎರಡು ನಿಮಿಷ ಮಾತನಾಡಿ ಇಳಿಯುವ ಪದ್ಧತಿಗೂ ಆ ಸಂವಾದಕ್ಕೂ ಬಹಳ ವ್ಯತ್ಯಾಸವಿದೆ.

ಆ ಸಂವಾದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಮಂಟಪದಲ್ಲಿ ಮಾತು ನಡೆಯುತ್ತಿದ್ದಷ್ಟು ಕಾಲ ಅರಮನೆ ಸಹಿಸಿಕೊಂಡಿತು. ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾದಾಗ ಸಹನೆ ಮುಗಿಯಿತು. ಇಬ್ಬರು ತಂದೆಯರಿಗೂ ಘೋರ ಮರಣದಂಡನೆಯಾಯಿತೆಂದು ಪರಂಪರೆ ಹೇಳುತ್ತದೆ. 1167ರ ಹೊತ್ತಿಗೆ ಬಿಜ್ಜಳನೂ ಉಳಿಯಲಿಲ್ಲ, ಶರಣರೂ ಚದುರಿದರು. ಸಂವಾದವು ಊಟದ ಪಂಕ್ತಿಗೂ ಮನೆಯ ಸಂಬಂಧಕ್ಕೂ ಬಂದಾಗ ಏನಾಗುತ್ತದೆಂಬುದನ್ನು ಕಲ್ಯಾಣ ಎಂಟುನೂರು ವರ್ಷಗಳ ಹಿಂದೆಯೇ ಕಂಡಿದೆ. ವಿಶ್ವವಿದ್ಯಾಲಯದ ಧರ್ಮಾಧ್ಯಯನದ ತರಗತಿಗಳಲ್ಲಿ ಈ ಭಾಗವನ್ನು ಸಾಮಾನ್ಯವಾಗಿ ಬೇಗನೆ ದಾಟಿಸುತ್ತಾರೆ. ಅದು ಸರಿಯಲ್ಲ. ಜಾತಿಯ ಪ್ರಶ್ನೆಯನ್ನು ಹೊರಗಿಟ್ಟು ನಡೆಸುವ ಧರ್ಮಸಂವಾದ ಶರಣರಿಗೂ ಅಪರಿಚಿತ, ಬಿಲಾಲ್(ರ)ರನ್ನು ಅಝಾನ್ ಕೊಡಲು ನಿಲ್ಲಿಸಿದ ದೀನಿಗೂ ಅಪರಿಚಿತ. ನಮ್ಮ ಸಮುದಾಯದೊಳಗೆ ಬಿರಾದರಿಗಳ ಹೆಸರಿನಲ್ಲಿ ನಿಂತುಹೋಗುವ ಮದುವೆಗಳನ್ನು ನೆನೆದರೆ ಹರಳಯ್ಯನ ಕಥೆ ಪರರ ಕಥೆಯೆಂದು ನಮಗೂ ಅನ್ನಿಸುವುದಿಲ್ಲ.

ಕಲ್ಯಾಣದ ಇನ್ನೊಂದು ಶಾಸನ ಇದೆ. ನಮ್ಮವರಲ್ಲಿ ಅದನ್ನು ಬಲ್ಲವರು ಕಡಿಮೆ, ಆಚೆಯವರಲ್ಲಿಯೂ ಕಡಿಮೆ. ಶಕ ವರ್ಷ 1248, ಅಂದರೆ ಕ್ರಿ.ಶ. 1326. ದೆಹಲಿಯಲ್ಲಿ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್ ಆಳುತ್ತಿದ್ದ ಕಾಲ. ಕಲ್ಯಾಣದ ಆಡಳಿತ ಖ್ವಾಜಾ ಅಹ್ಮದ್ ಎಂಬ ಅಧಿಕಾರಿಯ ಕೈಯಲ್ಲಿತ್ತು. ಗಲಭೆಯೊಂದರಲ್ಲಿ ಇಲ್ಲಿಯ ಶಿವಾಲಯಕ್ಕೆ ಹಾನಿಯಾಗಿ ಪೂಜೆ ನಿಂತುಹೋಗಿತ್ತು. ದೇವಾಲಯಕ್ಕೆ ಸಂಬಂಧಪಟ್ಟವರು ಬಂದು ಖ್ವಾಜಾನಲ್ಲಿ ಅರಿಕೆ ಮಾಡಿಕೊಂಡರು. ದುರಸ್ತಿಗೂ ಮರಳಿ ಪೂಜೆ ನಡೆಸುವುದಕ್ಕೂ ಅನುಮತಿ ದೊರೆಯಿತು. ಶಾಸನದ ಭಾಷೆ ಸಂಸ್ಕೃತ. ವಿದ್ವಾಂಸರಾದ ಪಿ.ಬಿ. ದೇಸಾಯಿಯವರು ಅದನ್ನು ಎಪಿಗ್ರಾಫಿಯಾ ಇಂಡಿಕಾದ 32ನೆಯ ಸಂಪುಟದಲ್ಲಿ ಪ್ರಕಟಿಸಿದ್ದಾರೆ. ಮುಸ್ಲಿಮ್ ಅರಸರ ಕಾಲದಲ್ಲಿ ದೇವಾಲಯಗಳು ಬಿದ್ದುದೂ ಉಂಟು. ಅದನ್ನು ಮರೆಮಾಚುವುದು ಇತಿಹಾಸವಾಗುವುದಿಲ್ಲ. ಆದರೆ ಬಿದ್ದುದನ್ನು ಮಾತ್ರ ಓದಿ, ಎತ್ತಿ ನಿಲ್ಲಿಸಿದ್ದನ್ನು ಓದದಿರುವುದೂ ಇತಿಹಾಸವಾಗುವುದಿಲ್ಲ.

ಬಹಮನಿಗಳ ಕಾಲಕ್ಕೆ ಬಂದರೆ ಬೀದರಿನಲ್ಲಿ ಖ್ವಾಜಾ ಮಹಮೂದ್ ಗವಾನರು 1472ರಲ್ಲಿ ಕಟ್ಟಿಸಿದ ಮದ್ರಸಾ ಇದೆ. ಮೂರು ಅಂತಸ್ತು, ನೀಲಿ ಹೆಂಚಿನ ಗೋಡೆಗಳು, ಸುಮಾರು ಮೂರು ಸಾವಿರ ಗ್ರಂಥಗಳ ಭಂಡಾರ, ಇರಾನಿನವರೆಗೆ ಹಬ್ಬಿದ ಪತ್ರವ್ಯವಹಾರ. ಅದನ್ನು ನಮ್ಮ ನಾಡಿನ ಹಳೆಯ ವಿಶ್ವವಿದ್ಯಾಲಯವೆನ್ನುವುದು ವಾಡಿಕೆ. ಒಂಬತ್ತು ವರ್ಷಗಳಲ್ಲಿ ಕಟ್ಟಿಸಿದವರೇ ದರ್ಬಾರಿನ ಒಳಜಗಳಕ್ಕೆ ಬಲಿಯಾಗಿ ಶಿರಚ್ಛೇದಕ್ಕೆ ಒಳಗಾದರು. ಆ ಜಗಳ ಆಫಾಕಿಗಳಿಗೂ ದಖ್ಖನಿಗಳಿಗೂ ಇದ್ದದ್ದು, ಹಿಂದೂ ಮುಸ್ಲಿಮರದ್ದಲ್ಲ.

ಬೀದರಿನ ಪಕ್ಕದ ಅಷ್ಟೂರಿನಲ್ಲಿ ಅಹ್ಮದ್ ಷಾ ವಲಿ ಬಹಮನಿಯ ಸಮಾಧಿ ಇದೆ. ಅವರ ಉರುಸು ಹೋಳಿಹುಣ್ಣಿಮೆಯಿಂದ ದಿನ ಎಣಿಸಿ ಹಿಂದೂ ಪಂಚಾಂಗದಂತೆ ನಡೆಯುತ್ತದೆ. ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಬಂದು ಅದರಲ್ಲಿ ಭಾಗವಹಿಸುತ್ತಾರೆ. ಲಿಂಗಾಯತರು ಈ ಸುಲ್ತಾನನಲ್ಲಿ ಅಲ್ಲಮಪ್ರಭುವನ್ನು ಕಾಣುತ್ತಾರೆ. ಉರುಸಿನ ಆಚರಣೆಗಳ ಕುರಿತು ನಮ್ಮ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಅದು ಇಲ್ಲಿನ ಚರ್ಚೆಯಲ್ಲ. ಬಳ್ಳಿಗಾವಿಯಿಂದ ಕಲ್ಯಾಣಕ್ಕೆ ಬಂದ ಅಲ್ಲಮರು ಕೊನೆಗೆ ಅಷ್ಟೂರಿನ ಗುಮ್ಮಟದಲ್ಲಿ ಒಬ್ಬ ಮುಸ್ಲಿಮ್ ಸುಲ್ತಾನನ ಹೆಸರಾಗಿ ನಿಂತದ್ದು ನಮ್ಮ ಸೀಮೆಯ ಜನ ಹೇಗೆ ಬದುಕಿದರೆಂಬುದನ್ನು ತೋರಿಸುತ್ತದೆ. ಬಸವಕಲ್ಯಾಣದ ರಾಜಾ ಬಾಗ್ ಸವಾರರ ದರ್ಗಾಕ್ಕೆ ಹೋಗಿಬರುವವರಲ್ಲಿಯೂ ಎರಡೂ ಸಮುದಾಯದವರಿದ್ದಾರೆ. ಆದರೂ ಒಂದು ಮಾತನ್ನು ಹೇಳಲೇಬೇಕು. ಒಟ್ಟಿಗೆ ಉರುಸು ಮಾಡುವುದು ಬೇರೆ, ಒಬ್ಬರನ್ನೊಬ್ಬರು ಅರಿಯುವುದು ಬೇರೆ. ಸಕ್ಕರೆ ಓದಿಸಿಕೊಂಡು ಮನೆಗೆ ಹೋದವನಿಗೆ ತೌಹೀದ್ ಎಂದರೇನು ಎಂದು ಕೇಳಿದರೆ ತಿಳಿಯದು. ಅವನ ಕೊರಳಿನ ಇಷ್ಟಲಿಂಗದ ಅರ್ಥ ನಮ್ಮವನಿಗೂ ತಿಳಿಯದು. ಐದುನೂರು ವರ್ಷಗಳ ಸಹಬಾಳ್ವೆ ಪತ್ರಿಕೆಯ ಒಂದು ಶೀರ್ಷಿಕೆಗೆ ಅಲುಗಾಡುವುದಕ್ಕೆ ಈ ಅಜ್ಞಾನವೇ ಕಾರಣ.

1657ನೆಯ ವರ್ಷವನ್ನು ನೋಡಿ. ಆ ವರ್ಷ ಔರಂಗಜೇಬರ ಸೇನೆ ಬೀದರನ್ನು ಹಿಡಿದು, ಬಿಜಾಪುರದ ವಶದಲ್ಲಿದ್ದ ಕಲ್ಯಾಣದ ಕೋಟೆಗೆ ಮುತ್ತಿಗೆ ಹಾಕಿತ್ತು. ಮಳೆಗಾಲದ ಹೊತ್ತಿಗೆ ಕೋಟೆ ಬಿದ್ದಿತು. ಅದೇ ವರ್ಷ ದೆಹಲಿಯಲ್ಲಿ ಅವರ ಅಣ್ಣ ದಾರಾ ಶಿಕೋಹ್ ಪಂಡಿತರ ನೆರವಿನಿಂದ ಉಪನಿಷತ್ತುಗಳ ಪಾರಸಿ ಅನುವಾದ 'ಸಿರ್‍ರೆ ಅಕ್ಬರ್' ಅನ್ನು ಪೂರೈಸುತ್ತಿದ್ದರು. ಇಡೀ ಯುರೋಪು ಉಪನಿಷತ್ತುಗಳನ್ನು ಮೊದಲು ಓದಿದ್ದು ಆ ಪಾರಸಿ ಅನುವಾದದ ಲ್ಯಾಟಿನ್ ರೂಪಾಂತರದ ಮೂಲಕ. ದಾರಾರವರ ಕೆಲವು ನಿರ್ಣಯಗಳನ್ನು ಉಲಮಾಗಳು ಒಪ್ಪಲಿಲ್ಲ, ನಾವೂ ಎಲ್ಲವನ್ನು ಒಪ್ಪಬೇಕಾಗಿಲ್ಲ. ಆದರೆ ಆ ಅನುವಾದದ ಶ್ರಮವನ್ನು ಕಡೆಗಣಿಸುವವರು ಅದನ್ನು ಓದಿರುವುದು ಅಪರೂಪ.

ಈಗ ಹುಮನಾಬಾದಿಗೆ ಬರೋಣ. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ, ಕಲ್ಯಾಣದಲ್ಲಿ ಬೆಳೆದು, ಹುಮನಾಬಾದಿನ ಬಳಿ ಮಾಣಿಕನಗರವನ್ನು ನೆಲೆಗೊಳಿಸಿದವರು ಮಾಣಿಕಪ್ರಭುಗಳು. 1865ರಲ್ಲಿ ಅವರ ದೇಹಾಂತ್ಯವಾಯಿತು. ಅವರ ಸಂಪ್ರದಾಯಕ್ಕೆ ಸಕಲಮತ ಎಂದು ಹೆಸರು. ಯಾವ ಮತವನ್ನೂ ನಿಂದಿಸಬಾರದು, ಎಲ್ಲ ಮತಗಳೂ ತಮ್ಮ ತಮ್ಮ ನೆಲೆಯಲ್ಲಿ ಸತ್ಯ ಎಂಬುದು ಅದರ ತಿರುಳು. ಅದರ ತಳಹದಿ ಅದ್ವೈತ. ಅವರ ಪದಗಳು ಕನ್ನಡ, ಮರಾಠಿ, ಹಿಂದುಸ್ತಾನಿ ಮೊದಲಾದ ಭಾಷೆಗಳಲ್ಲಿವೆ. ನಿಜಾಮರ ಸೀಮೆಯ ಮುಸ್ಲಿಮರಲ್ಲಿಯೂ ಅವರ ಬಳಿಗೆ ಹೋಗಿಬರುವವರಿದ್ದರು. ಅವರನ್ನು ಮೆಹಬೂಬ್ ಸುಬ್‌ಹಾನಿಯೆಂದು ಕಂಡವರೂ ಇದ್ದರೆಂದು ಸಂಪ್ರದಾಯದ ಬರಹಗಳು ಹೇಳುತ್ತವೆ.

ಮದ್ರಸಾದಲ್ಲಿ ಕಲಿತವರಿಗೆ ನಿಜವಾದ ಪರೀಕ್ಷೆ ಎದುರಾಗುವುದು ಇಲ್ಲಿಯೇ. ಎಲ್ಲ ಮತಗಳೂ ಸಮಾನವಾಗಿ ಸತ್ಯವೆಂಬ ಸಿದ್ಧಾಂತವನ್ನು ನಮ್ಮ ಅಕೀದಾ ಒಪ್ಪುವುದಿಲ್ಲ. ಅಬ್ದುಲ್ ಖಾದಿರ್ ಜೀಲಾನಿ(ರಹ್ಮತುಲ್ಲಾಹಿ ಅಲೈಹಿ)ರ ಬಿರುದನ್ನು ಇನ್ನೊಬ್ಬರಿಗೆ ಅವತಾರದ ಅರ್ಥದಲ್ಲಿ ಹೇಳುವುದನ್ನೂ ಒಪ್ಪುವುದಿಲ್ಲ. ಒಪ್ಪುವುದಿಲ್ಲವೆಂದು ಹೇಳಲು ಹಿಂಜರಿಯಬೇಕಾಗಿಲ್ಲ. ಮಾಣಿಕನಗರದ ವಿದ್ವಾಂಸರ ಎದುರಿನಲ್ಲಿಯೇ ಸೌಜನ್ಯದಿಂದ ಹೇಳಬಹುದು, ಅವರೂ ತಾಳ್ಮೆಯಿಂದ ಕೇಳಬಲ್ಲರು. ಆದರೆ ಏನನ್ನು ಒಪ್ಪುತ್ತಿಲ್ಲ ಎಂಬುದು ಮೊದಲು ಗೊತ್ತಿರಬೇಕಲ್ಲವೇ? ಸಕಲಮತವೆಂದರೆ ಎಲ್ಲವನ್ನೂ ಕಲಸಿ ಮಾಡಿದ ಹೊಸ ಮತವೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಪ್ರತಿಯೊಬ್ಬನೂ ತನ್ನ ಆಚಾರದಲ್ಲಿಯೇ ನಿಂತು ಇನ್ನೊಬ್ಬನನ್ನು ನಿಂದಿಸದೆ ಇರಬೇಕೆಂಬುದು ಅವರ ಮಾತು. ಈ ವ್ಯತ್ಯಾಸ ತಿಳಿದ ಮೇಲೆ ನಡೆಯುವ ಅಸಮ್ಮತಿಗೆ ತೂಕವಿರುತ್ತದೆ. ಅನ್ಯರ ಆರಾಧ್ಯರನ್ನು ನಿಂದಿಸಬಾರದೆಂಬ ಆಜ್ಞೆಯಂತೂ ಕುರ್‌ಆನಿನ ಅನ್‌ಆಮ್ ಅಧ್ಯಾಯದಲ್ಲಿ ನಮಗೇ ಇದೆ. ಅಷ್ಟರಮಟ್ಟಿಗೆ ಹುಮನಾಬಾದಿನ ಈ ನೆರೆಹೊರೆಯವರೊಡನೆ ನಮಗೆ ತಕರಾರಿಲ್ಲ.

ಆಧುನಿಕ ವಿಶ್ವವಿದ್ಯಾಲಯವು ನಮ್ಮ ಸೀಮೆಗೆ ಸಂಬಂಧಪಟ್ಟಂತೆ ಮೊದಲು ತೆರೆದದ್ದು ಹೈದರಾಬಾದಿನಲ್ಲಿ. ಕಲ್ಯಾಣಿಯೂ ಹುಮನಾಬಾದೂ 1948ರವರೆಗೆ ನಿಜಾಮರ ರಾಜ್ಯದಲ್ಲಿದ್ದವು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದ ದೊಡ್ಡ ಪ್ರಯೋಗ. ದೇಶಭಾಷೆಯಲ್ಲಿ ವಿಜ್ಞಾನವನ್ನೂ ವೈದ್ಯವನ್ನೂ ಕಲಿಸಿ ತೋರಿಸಿತು. ಅದರ ಅನುವಾದ ವಿಭಾಗ ತತ್ವಶಾಸ್ತ್ರ, ಇತಿಹಾಸಗಳ ಗ್ರಂಥಗಳನ್ನು ಉರ್ದುವಿಗೆ ತಂದಿತು. ಆದರೆ ಧರ್ಮದ ಪಾಠದಲ್ಲಿ ಅದು ಅನುಸರಿಸಿದ ಕ್ರಮ ಮುಸ್ಲಿಮ್ ವಿದ್ಯಾರ್ಥಿಗಳಿಗೆ ದೀನಿಯಾತ್, ಇತರರಿಗೆ ಅಖ್ಲಾಖಿಯಾತ್, ಅಂದರೆ ನೀತಿಶಾಸ್ತ್ರ. ಗಂಟೆ ಹೊಡೆದೊಡನೆ ಒಂದೇ ತರಗತಿಯ ಹುಡುಗರು ಎರಡು ಕೋಣೆಗಳಿಗೆ ಹೋಗುತ್ತಿದ್ದರು. ಯಾರ ಮೇಲೂ ಒತ್ತಾಯವಿಲ್ಲವೆಂಬ ದೃಷ್ಟಿಯಿಂದ ಅದು ನ್ಯಾಯವಾದ ಏರ್ಪಾಡೇ. ಆದರೂ ಇಸ್ಲಾಮನ್ನು ಮುಸ್ಲಿಮನಲ್ಲದವನಿಗೂ, ಶರಣಧರ್ಮವನ್ನು ಮುಸ್ಲಿಮನಿಗೂ ಒಂದೇ ಕೋಣೆಯಲ್ಲಿ ಕಲಿಸಬಹುದಾಗಿದ್ದ ಅವಕಾಶವೊಂದು ಕೈತಪ್ಪಿತೆಂದೇ ನಾವು ಭಾವಿಸುತ್ತೇವೆ. ಬೀರೂನಿಯವರ ಪುಸ್ತಕ ಅದೇ ಗ್ರಂಥಾಲಯದ ಕಪಾಟಿನಲ್ಲಿರಲು ಸಾಧ್ಯವಿದ್ದ ಕಾಲವದು.

ಸ್ವಾತಂತ್ರ್ಯದ ಬಳಿಕ ಈ ಪ್ರಶ್ನೆ ರಾಷ್ಟ್ರಮಟ್ಟದಲ್ಲಿ ಎದ್ದಿತು. 1918ರಿಂದ 1921ರವರೆಗೆ ಮೈಸೂರಿನಲ್ಲಿ ಪಾಠ ಹೇಳಿ, 1936ರಲ್ಲಿ ಆಕ್ಸ್‌ಫರ್ಡಿನಲ್ಲಿ ಪೌರಸ್ತ್ಯ ಧರ್ಮಗಳ ಪೀಠಕ್ಕೆ ಹೋದ ಡಾ. ರಾಧಾಕೃಷ್ಣನ್ನರು 1948-49ರ ವಿಶ್ವವಿದ್ಯಾಲಯ ಶಿಕ್ಷಣ ಆಯೋಗದ ಅಧ್ಯಕ್ಷರಾಗಿದ್ದರು. ಪದವಿಯ ಮೊದಲ ವರ್ಷದಲ್ಲಿ ಬುದ್ಧ, ಯೇಸು, ಪ್ರವಾದಿ ಮುಹಮ್ಮದ್(ಸ), ಶಂಕರ, ಕಬೀರ, ನಾನಕ್ ಮೊದಲಾದವರ ಜೀವನ, ಎರಡನೆಯ ವರ್ಷದಲ್ಲಿ ಲೋಕದ ಧರ್ಮಗ್ರಂಥಗಳ ಆಯ್ದ ಭಾಗ, ಮೂರನೆಯ ವರ್ಷದಲ್ಲಿ ಧರ್ಮದ ತತ್ವಶಾಸ್ತ್ರ ಎಂದು ಆ ಆಯೋಗ ಸ್ಪಷ್ಟ ಪಠ್ಯಕ್ರಮವನ್ನೇ ಸೂಚಿಸಿತು. 1964-66ರ ಕೊಠಾರಿ ಆಯೋಗ ಧರ್ಮಶಿಕ್ಷಣ ಬೇರೆ, ಧರ್ಮಗಳ ಕುರಿತ ಶಿಕ್ಷಣ ಬೇರೆ ಎಂದು ಗೆರೆ ಎಳೆದು, ಎರಡನೆಯದು ಅಗತ್ಯವೆಂದಿತು. ಸರ್ಕಾರದ ಹಣದಿಂದಲೇ ನಡೆಯುವ ಸಂಸ್ಥೆಗಳಲ್ಲಿ ಧರ್ಮೋಪದೇಶ ಕೂಡದೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಅರುಣಾ ರಾಯ್ ಪ್ರಕರಣದಲ್ಲಿ 2002ರಲ್ಲಿ ಸರ್ವೋಚ್ಚ ನ್ಯಾಯಾಲಯವು ಧರ್ಮಗಳನ್ನು ಅಧ್ಯಯನದ ವಿಷಯವಾಗಿ ಕಲಿಸುವುದು ಈ ವಿಧಿಗೆ ವಿರುದ್ಧವಲ್ಲವೆಂದು ತೀರ್ಪಿತ್ತಿತು. ಇಷ್ಟೆಲ್ಲ ಆದರೂ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಈ ವಿಷಯ ಪೀಠಗಳ ಜಯಂತಿ ಉಪನ್ಯಾಸಗಳಲ್ಲಿಯೇ ಹೆಚ್ಚಾಗಿ ಮುಗಿದುಹೋಗುತ್ತಿದೆ. ಒಂದು ಧರ್ಮದ ಪೀಠಕ್ಕೆ ಆ ಧರ್ಮದವರೇ ಕೇಳುಗರು.

ಕ್ರೈಸ್ತ ಬಾಂಧವರು ಈ ದಿಸೆಯಲ್ಲಿ ನಮಗಿಂತ ಮುಂದೆ ಹೋಗಿದ್ದಾರೆಂದು ಒಪ್ಪಿಕೊಳ್ಳಬೇಕು. ಬೆಂಗಳೂರಿನ ಧರ್ಮಾರಾಮ್‌ನಲ್ಲಿ ವಿಶ್ವಧರ್ಮಗಳ ಅಧ್ಯಯನ ಕೇಂದ್ರ 1971ರಲ್ಲಿಯೇ ಆರಂಭವಾಗಿ, 1975ರಿಂದ ಸಂಶೋಧನ ಪತ್ರಿಕೆಯನ್ನು ಹೊರಡಿಸುತ್ತಿದೆ. ಹುಮನಾಬಾದಿನಿಂದ ಹೆದ್ದಾರಿ ಹಿಡಿದರೆ ಸಿಗುವ ಹೈದರಾಬಾದಿನಲ್ಲಿ ಹೆನ್ರಿ ಮಾರ್ಟಿನ್ ಸಂಸ್ಥೆ ಇದೆ. 1930ರಲ್ಲಿ ಲಾಹೋರಿನಲ್ಲಿ, ಮಿಷನರಿಗಳಿಗೆ ಇಸ್ಲಾಮನ್ನು ಕಲಿಸಲೆಂದು ಅದು ಹುಟ್ಟಿತು. 1971ರಲ್ಲಿ ಹೈದರಾಬಾದಿಗೆ ಬಂದಿತು. ಕ್ರಮೇಣ ಮತಾಂತರದ ಉದ್ದೇಶವನ್ನು ಬಿಟ್ಟು ಧರ್ಮಗಳ ನಡುವಣ ಸಂವಾದಕ್ಕೂ ಶಾಂತಿಯ ಕೆಲಸಕ್ಕೂ ತಿರುಗಿತು. ನಮ್ಮನ್ನು ಗೆಲ್ಲಲೆಂದು ನಮ್ಮ ಗ್ರಂಥಗಳನ್ನು ಓದಲು ಕುಳಿತವರು ಓದುತ್ತ ಓದುತ್ತ ನೆರೆಯವರಾದರು. ಇದಕ್ಕೆ ಪ್ರತಿಯಾಗಿ ವಚನಗಳನ್ನು ಮೂಲದಲ್ಲಿ ಓದಿ ಬೋಧಿಸಬಲ್ಲ ಆಲಿಮರು ನಮ್ಮಲ್ಲಿ ಎಷ್ಟಿ ಮಂದಿ? ಕನ್ನಡ ವಿಶ್ವವಿದ್ಯಾಲಯದಲ್ಲಿದ್ದು 'ಕರ್ನಾಟಕದ ಸೂಫಿಗಳು' ಬರೆದ ರಹಮತ್ ತರೀಕೆರೆಯವರಂಥ ವಿದ್ವಾಂಸರು ಕನ್ನಡ ವಿಭಾಗಗಳಿಂದ ಬಂದರು. ಮದ್ರಸಾಗಳಿಂದ ಅಂಥವರು ಬರಬೇಕಾಗಿದೆ.

ಇದು ಕೇವಲ ವಿದ್ವತ್ತಿನ ಪ್ರಶ್ನೆಯಲ್ಲ. 2022ರಲ್ಲಿ ಬಸವಕಲ್ಯಾಣದ ಪೀರ್ ಪಾಶಾ ಬಂಗಲೆಯೇ ಮೂಲ ಅನುಭವ ಮಂಟಪವೆಂಬ ವಾದ ಎದ್ದು, ಕೆಲವು ಮಠಾಧೀಶರೂ ಸಂಘಟನೆಗಳೂ ಅದನ್ನು ವಶಕ್ಕೆ ಪಡೆಯಬೇಕೆಂದು ಸರ್ಕಾರವನ್ನು ಒತ್ತಾಯಿಸಿದ್ದು ಎಲ್ಲರಿಗೂ ನೆನಪಿದೆ. ಅದಕ್ಕೆ ಒಂದು ವರ್ಷ ಮೊದಲು, 2021ರ ಜನವರಿ 6ರಂದು, ಹೊಸ ಅನುಭವ ಮಂಟಪಕ್ಕೆ ಇದೇ ಊರಿನಲ್ಲಿ ಶಂಕುಸ್ಥಾಪನೆಯಾಗಿತ್ತು. ಬಂಗಲೆಯ ವಿವಾದ ಎದ್ದ ದಿನಗಳಲ್ಲಿ ಊರಿನಲ್ಲಿ ಹರಡಿದ ಮಾತುಗಳನ್ನು ಕೇಳಿದವರಿಗೆ ಒಂದು ಕೊರತೆ ಎದ್ದು ಕಾಣುತ್ತಿತ್ತು. ಆ ಕಡೆಯಿಂದ ಮಾತನಾಡಿದವರಿಗೆ ಪಾರಸಿ ದಾಖಲೆ ಓದಲು ಬಾರದು. ಈ ಕಡೆಯಿಂದ ಉತ್ತರಿಸಿದವರಿಗೆ ಹಳಗನ್ನಡ ಶಾಸನ ಓದಲು ಬಾರದು. ಕಲ್ಯಾಣದ ಅರಬಿ, ಪಾರಸಿ ಶಾಸನಗಳನ್ನು ಗುಲಾಂ ಯಝ್ದಾನಿಯವರು 1930ರ ದಶಕದಲ್ಲಿಯೇ ಎಪಿಗ್ರಾಫಿಯಾ ಇಂಡೋ-ಮಸ್ಲೆಮಿಕಾದಲ್ಲಿ ಪ್ರಕಟಿಸಿದ್ದಾರೆ. ಸಂಸ್ಕೃತ, ಕನ್ನಡ ಶಾಸನಗಳು ಬೇರೆ ಸಂಪುಟಗಳಲ್ಲಿವೆ. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಓದಬಲ್ಲ ನಾಲ್ಕು ಜನ ಈ ತಾಲೂಕಿನಲ್ಲಿದ್ದಿದ್ದರೆ, ಅವರಲ್ಲಿ ಇಬ್ಬರು ನಮ್ಮವರಾಗಿ ಇಬ್ಬರು ಶರಣ ಪರಂಪರೆಯವರಾಗಿದ್ದಿದ್ದರೆ, ಮಾತು ಬೀದಿಗೆ ಬರುವ ಮೊದಲು ಅವರ ಬಳಿಗೆ ಹೋಗುತ್ತಿತ್ತು. 1326ರಲ್ಲಿ ಅರಿಕೆ ಹೊತ್ತವರು ಖ್ವಾಜಾ ಅಹ್ಮದನ ಬಳಿ ಹೋದದ್ದೂ ಹಾಗೆಯೇ.

ಆದುದರಿಂದ ಪಾಲಕರ ಪ್ರಶ್ನೆಗೆ ನಮ್ಮ ಉತ್ತರ ಇದು: ಕಳುಹಿಸಿ. ಆದರೆ ಬರಿಗೈಯಲ್ಲಿ ಕಳುಹಿಸಬೇಡಿ. ತನ್ನ ಅಕೀದಾವನ್ನು ಆಧಾರಸಹಿತ ಅರಿಯದ ಹುಡುಗ ಅನ್ಯಧರ್ಮದ ತರಗತಿಯಲ್ಲಿ ಕುಳಿತರೆ ಅವನಿಗೂ ಪ್ರಯೋಜನವಿಲ್ಲ, ಅವನ ಪಕ್ಕದಲ್ಲಿ ಕುಳಿತು ಇಸ್ಲಾಮಿನ ಬಗ್ಗೆ ಅವನನ್ನೇ ಕೇಳುವ ಸಹಪಾಠಿಗೂ ಪ್ರಯೋಜನವಿಲ್ಲ. ಕನಿಷ್ಠ ಆಲಿಮ್ ತರಗತಿಯ ಮೊದಲ ವರ್ಷಗಳ ಓದು ಗಟ್ಟಿಯಾಗಲಿ. ಮದ್ರಸಾದಲ್ಲಿ ಕಲಿತ ಪಾರಸಿಯನ್ನು ಹಳೆಯದೆಂದು ಮೂಲೆಗೆ ಸೇರಿಸದಿರಲಿ. ಬೀದರ್ ಜಿಲ್ಲೆಯ ಅರ್ಧ ಇತಿಹಾಸ ಆ ಭಾಷೆಯಲ್ಲಿದೆ. ಉಳಿದರ್ಧಕ್ಕೆ ಹಳಗನ್ನಡ ಬೇಕು, ಅದನ್ನು ಬಿ.ಎ.ಯಲ್ಲಿ ಐಚ್ಛಿಕವಾಗಿ ತೆಗೆದುಕೊಳ್ಳಲಿ, ಜೊತೆಗೆ ಇತಿಹಾಸ ಇರಲಿ. ಬೇಸಿಗೆಯ ರಜೆಯಲ್ಲಿ ಕೋಟೆಯ ವಸ್ತುಸಂಗ್ರಹಾಲಯಕ್ಕೆ ಹೋಗಿ ಕಲ್ಲಿನ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದುವ ಅಭ್ಯಾಸ ಮಾಡಲಿ. ಓದಿದ್ದರಲ್ಲಿ ಸಂಶಯ ಬಂದರೆ ಊರಿನ ಮಠದಲ್ಲಿ ಶಾಸನ ಬಲ್ಲ ಹಿರಿಯರಿದ್ದಾರೆ, ನಮ್ಮ ಮಸೀದಿಯಲ್ಲಿ ಪಾರಸಿ ಬಲ್ಲ ಹಿರಿಯರಿದ್ದಾರೆ. ಅವನು ಎರಡೂ ಕಡೆ ಹೋಗಿ ಕೇಳಲಿ.